ಬಿಸಿಲಿನ ನಕ್ಷೆ: ಆರನೇ ವಾರ

ಮರ ಎಲ್ಲಿ ನೆಟ್ಟರೆ ಜಾಸ್ತಿ ಉಪಯೋಗ ಅನ್ನೋದನ್ನು ಹಸಿರು ಎಲ್ಲಿ ಕಡಿಮೆ, ಬಿಸಿ ಎಲ್ಲಿ ಜಾಸ್ತಿ ಅಂತ ಉಪಗ್ರಹದ ಮಾಹಿತಿಯಲ್ಲಿ ನೋಡಿ ಹುಡುಕುತ್ತಿದ್ದೇನೆ. ಈ ವಾರ ಪೂರ್ತಿ ನಕ್ಷೆ ಮೊದಲ ಸಲ ಸ್ಕ್ರೀನ್ ಮೇಲೆ ಬಂತು. ಅದರಲ್ಲೊಂದು ದೊಡ್ಡ ತಪ್ಪೂ ಸಿಕ್ಕಿತು.

ಹಸಿರಿನ ಕೆಲಸ ಬೇಗ ಮುಗಿಯಿತು. ಸೆಂಟಿನೆಲ್-2 ಉಪಗ್ರಹದ ಬ್ಯಾಂಡ್ 4 (ಕೆಂಪು ಬೆಳಕು) ಮತ್ತು 8 (ಕಣ್ಣಿಗೆ ಕಾಣದ ಅವಕೆಂಪು ಬೆಳಕು) ತೆಗೆದುಕೊಂಡು, ನಕ್ಷೆ ಮಾಡುವ ಕ್ಯೂಜಿಐಎಸ್ ತಂತ್ರಾಂಶದಲ್ಲಿ ಎನ್‌ಡಿವಿಐ, ಅಂದರೆ ಹಸಿರು ಎಷ್ಟಿದೆ ಅಂತ ತೋರಿಸುವ ಅಂಕಿ, ಲೆಕ್ಕ ಹಾಕಿದೆ. ಚಿತ್ರದ ಒಂದೊಂದು ಚೌಕ ಅಂದರೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಸಾಲುಮರದ ರಸ್ತೆಗಳು ಹಸಿರು ಗೆರೆಯ ಹಾಗೆ ಎದ್ದು ಕಾಣುತ್ತವೆ.

ಹೆಚ್ಚು ಹೊತ್ತು ಹಿಡಿದದ್ದು ಬಿಸಿಯ ಲೆಕ್ಕ. ಇದಕ್ಕೆ ಬಳಸಿದ ಲ್ಯಾಂಡ್‌ಸ್ಯಾಟ್ 8 ಮತ್ತು 9 ಉಪಗ್ರಹಗಳ ಫೈಲಿನಲ್ಲಿ ನೇರವಾಗಿ ಡಿಗ್ರಿ ಇರುವುದಿಲ್ಲ. ಒಂದು ಚೌಕದಲ್ಲಿ 46000 ಅಂತಿತ್ತು. ಅದನ್ನು 0.00341802ರಿಂದ ಗುಣಿಸಿ 149 ಕೂಡಿಸಿದರೆ ಕೆಲ್ವಿನ್ ಬರುತ್ತದೆ. ಅದರಲ್ಲಿ 273.15 ಕಳೆದರೆ ಸುಮಾರು 33 ಡಿಗ್ರಿ ಸೆಲ್ಸಿಯಸ್. ಇದು ನೆಲದ ಮತ್ತು ಚಾವಣಿಯ ಬಿಸಿ, ಗಾಳಿಯದ್ದಲ್ಲ. ನೋಡಿದವರಿಗೆ ಗೊಂದಲ ಆಗಬಾರದು ಅಲ್ವಾ? ಅದಕ್ಕೇ ನಕ್ಷೆಯ ಮೇಲೇ ದಪ್ಪಕ್ಷರದಲ್ಲಿ ಬರೆದಿದ್ದೇನೆ.

ಇನ್ನು ಆ ತಪ್ಪು. ಒಂದು ಮೂಲೆಯಲ್ಲಿ ಮರದ ಸುಳಿವೇ ಇಲ್ಲ, ಆದರೂ ತಣ್ಣಗಿನ ನೀಲಿ ಬಣ್ಣ. ನಂಬಿಕೆ ಬರಲಿಲ್ಲ, ಹೋಗಿ ನೋಡಿದೆ. ಒಂದಕ್ಕೊಂದು ಅಂಟಿಕೊಂಡ ಶೆಡ್ಡುಗಳು, ಎಲ್ಲಕ್ಕೂ ಹೊಳೆಯುವ ತಗಡಿನ ಚಾವಣಿ. ಹೊಳೆಯುವ ಲೋಹ ಎಷ್ಟೇ ಕಾದರೂ ಶಾಖದ ಕಿರಣ ಹೊರಬಿಡುವುದು ಕಡಿಮೆ. ಉಪಗ್ರಹ ಅಳೆಯುವುದು ಆ ಕಿರಣವನ್ನೇ. ಹಾಗಾಗಿ ಕೈ ಸುಡುವ ತಗಡು ಅದಕ್ಕೆ ತಣ್ಣಗೆ ಕಾಣುತ್ತದೆ. ಅನುಮತಿ ಕೇಳಿ ಒಂದು ಶೆಡ್ಡಿನೊಳಗೆ ಥರ್ಮಾಮೀಟರ್ ತೂಗುಹಾಕಿದೆ. ಹೊರಗಿನ ನೆರಳಿಗಿಂತ 4 ಡಿಗ್ರಿ ಜಾಸ್ತಿ ತೋರಿಸಿತು. ಅಲ್ಲಿ ಜನ ದಿನವಿಡೀ ಕೆಲಸ ಮಾಡುತ್ತಾರೆ. ನೆರಳು ಎಲ್ಲರಿಗಿಂತ ಮೊದಲು ಬೇಕಾದವರೇ ಮರ ನೆಡುವ ಜಾಗಗಳ ನನ್ನ ಪಟ್ಟಿಯಲ್ಲಿ ಕೊನೆಗೆ ಹೋಗಿದ್ದರು. ಅವತ್ತು ರಾತ್ರಿ ಅದೇ ತಲೆಯಲ್ಲಿ ಕೊರೆಯುತ್ತಿತ್ತು.

ಯಾರು ಬೇಕಾದರೂ ಮಾಹಿತಿ ತುಂಬಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯಲ್ಲಿ ಕಟ್ಟಡದ ಚಾವಣಿ ಯಾವುದರದ್ದು ಅಂತ ಬರೆಯಲು ಟ್ಯಾಗ್ ಇದೆ. ಈ ಭಾಗದಲ್ಲಿ ಯಾರೂ ತುಂಬಿರಲಿಲ್ಲ. ನಡೆದು ನೋಡಿ 38 ಶೆಡ್ಡುಗಳಿಗೆ ತುಂಬಿದೆ. ತಗಡು ಅಂತ ಇರುವ ಕಡೆ ಉಪಗ್ರಹದ ಅಂಕಿ ಬಿಟ್ಟು, ಆ ಚೌಕವನ್ನು ಬೂದು ಬಣ್ಣದಲ್ಲಿ ತೋರಿಸುತ್ತಿದ್ದೇನೆ. ನೀಲಿ ಅಂತೂ ಹೋಯಿತು.

ಲ್ಯಾಂಡ್‌ಸ್ಯಾಟ್ ಹಾದುಹೋಗುವುದು ಬೆಳಗ್ಗೆ ಸುಮಾರು 10ಕ್ಕೆ. ಶೆಡ್ಡಿನವರು ಹೇಳುವುದು ಮಧ್ಯಾಹ್ನದ ಕಷ್ಟ. ಮುಂದಿನ ವಾರ 2 ಗಂಟೆಯ ಬಿಸಿಲಲ್ಲಿ ಥರ್ಮಾಮೀಟರ್ ಹಿಡಿದು ಬೂದು ಚೌಕಗಳನ್ನು ಒಂದೊಂದಾಗಿ ಅಳೆಯುತ್ತೇನೆ.