ಕಲ್ಲು ನೋಡೋಕೆ ಟ್ರಾಮ್ ಹತ್ತಿದ್ವಿ

2024ರ ಬೇಸಿಗೆಯಲ್ಲಿ ಅಮ್ಮ ಸಂಡೂರಿನಿಂದ ಬಂದಿದ್ದಳು. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂ ಒಳಗೆ ಒಂದು ದಿನ ಸುತ್ತಿ, ಮಂಡಿ ಹಿಡಿದುಕೊಂಡು ಕೂತಿದ್ದಳು. ಹಾಗಾಗಿ ಎರಡನೇ ಸಲ ಬರೀ ಅದರ ತೋಟಕ್ಕೆ ಹೋದ್ವಿ. ತೋಟಕ್ಕೆ ಟಿಕೆಟ್ ಇಲ್ಲ, ಅದು ಇನ್ನೊಂದು ಖುಷಿ.

ಬೇಸಿಗೆ ಬಂದರೆ ಅಲ್ಲಿ ಒಬ್ಬ ಶಿಲ್ಪಿಯ ಕೆಲಸ ಇಡುತ್ತಾರೆ. 2022ರಲ್ಲಿ ಬಾರ್ಬರಾ ಹೆಪ್‌ವರ್ತ್, 2023ರಲ್ಲಿ ರಿಚರ್ಡ್ ಲಾಂಗ್. ಈ ಸಲ ಲೀ ಉಫಾನ್. 1936ರಲ್ಲಿ ಕೊರಿಯಾದಲ್ಲಿ ಹುಟ್ಟಿ, ಜಪಾನಿಗೆ ಹೋಗಿ ತತ್ವಶಾಸ್ತ್ರ ಓದಿದವರು.

ಹುಲ್ಲಿನ ಮೇಲೆ ಕಬ್ಬಿಣದ ದಪ್ಪ ತಗಡು, ಅದರ ಹತ್ತಿರ ಒಂದು ಗುಂಡುಕಲ್ಲು. ಉಳಿ ಮುಟ್ಟೇ ಇಲ್ಲ! ಬೇಲೂರು ಹಂಪಿ ನೋಡಿಕೊಂಡು ಬೆಳೆದವನಿಗೆ ಇದನ್ನು ಶಿಲ್ಪ ಅಂದರೆ ಸ್ವಲ್ಪ ಸಿಟ್ಟೇ ಬರುತ್ತೆ, ಅಲ್ವಾ? ಹೆಚ್ಚು ಕಡಿಮೆ ಅವರ ಎಲ್ಲಾ ಶಿಲ್ಪಕ್ಕೂ ಒಂದೇ ಹೆಸರು ಬೇರೆ, ರಿಲೇಟಮ್, ಅಂದರೆ ಇನ್ನೊಂದರ ಜೊತೆ ಸಂಬಂಧದಲ್ಲಿರೋ ವಸ್ತು. 1968ರಲ್ಲಿ ಈ ಮನುಷ್ಯ ಗಾಜಿನ ಹಾಳೆ ಮೇಲೆ ಕಲ್ಲು ಹಾಕಿ, ಆ ಒಡೆದ ಗಾಜನ್ನೂ ಕಲ್ಲನ್ನೂ ಹಾಗೇ ಕೃತಿ ಅಂತ ಇಟ್ಟವರು. ಅಮ್ಮನಿಗೆ ಇದನ್ನೆಲ್ಲ ಹೇಗೆ ಹೇಳೋದು ಅಂತ ನಾನು ಒದ್ದಾಡುತ್ತಿದ್ದೆ.

ಅವಳು ನನ್ನ ಮಾತು ಕೇಳುತ್ತಲೇ ಇರಲಿಲ್ಲ. ಪಕ್ಕದ ಕಾರಂಜಿಯಲ್ಲಿ ಮಕ್ಕಳು ನೆಂದು ಕಿರುಚುತ್ತಿದ್ದರು, ಅದನ್ನೂ ನೋಡಲಿಲ್ಲ. ತಗಡನ್ನೊಮ್ಮೆ ಕಲ್ಲನ್ನೊಮ್ಮೆ ನೋಡಿ, "ಇದು ಹುಟ್ಟಿದ್ದು ಅದರ ಹೊಟ್ಟೆಯಿಂದಾನೇ ಅಲ್ಲೇನೋ?" ಅಂದಳು.

ನಾನು ಸುಮ್ನೆ ನಿಂತುಬಿಟ್ಟೆ. ಕಲ್ಲಿನಲ್ಲಿ ಇರೋದನ್ನೇ ತೆಗೆದು ಉಕ್ಕು ಮಾಡ್ತಾರೆ ಅನ್ನೋ ಮಾತನ್ನ ಲೀ ಉಫಾನ್ ಎಷ್ಟೋ ಸಲ ಹೇಳಿದ್ದಾರೆ. ನಾನು ಅದನ್ನು ಓದಿ ತಿಳಿದುಕೊಂಡವನು. ಅಮ್ಮನಿಗೆ ಓದೋದು ಬೇಕಾಗಿರಲಿಲ್ಲ. ಸಂಡೂರಲ್ಲಿ ಕಬ್ಬಿಣದ ಅದಿರಿನ ಲಾರಿಗಳು ಮನೆ ಮುಂದೆ ಹಗಲೂ ರಾತ್ರಿ ಓಡುತ್ತಿದ್ದ ವರ್ಷಗಳಲ್ಲಿ ಒಗೆದು ಹಾಕಿದ ಬಿಳಿ ಪಂಚೆ ಸಂಜೆಗೆ ಕೆಂಪಾಗಿರುತ್ತಿತ್ತು, ಕುಡಿಯೋ ನೀರಿನ ಕೊಡದ ಮೇಲೂ ಕೆಂಪು ದೂಳು. ಗುಡ್ಡ ಕರಗಿ ಲಾರಿ ಹತ್ತೋದನ್ನ ಕಂಡವಳು ಅವಳು.

ಆಮೇಲೆ ಒಂದೊಂದು ಕಲ್ಲಿನ ಹತ್ತಿರವೂ ನಿಂತಳು. ಮುಟ್ಟಲಿಲ್ಲ. ಎಲ್ಲಿಂದ ತಂದರು, ಹೇಗೆ ಎತ್ತಿದರು, ಕ್ರೇನ್ ಒಳಗೆ ಬಂತಾ ಅಂತ ಕೇಳಿದಳು. ನನಗೆ ಒಂದಕ್ಕೂ ಉತ್ತರ ಬರಲಿಲ್ಲ. ಟ್ರಾಮ್ ಹತ್ತುವಾಗ, "ಮಳೆ ಬಂದಾಗ ಇನ್ನೊಂದು ಸಲ ಬರೋಣ, ಕಲ್ಲು ನೆಂದರೆ ಬಣ್ಣ ತೋರಿಸುತ್ತೆ" ಅಂದಳು.

ಈ ಊರಲ್ಲಿ ಮಳೆಗೇನು ಬರ. ಗುರುವಾರ ಮತ್ತೆ ಹೋದ್ವಿ, ಎರಡು ಕೊಡೆ ಹಿಡಿದುಕೊಂಡು.