ಮೂವತ್ತು ಪದಕ, ಒಂದು ಕಿವಿ ನೋವು

ಹಾಸನ
ಸೆಪ್ಟೆಂಬರ್ 8, 2024, ಭಾನುವಾರ

ನಿನ್ನೆ ಹಬ್ಬದ ಕಡುಬು ಇನ್ನೂ ಡಬ್ಬಿಯಲ್ಲಿತ್ತು. ಬೆಳಗ್ಗೆ ಎರಡು ಬಿಸಿ ಮಾಡಿಸಿಕೊಂಡು ಮೇಲೆ ತುಪ್ಪ ಹಾಕಿಕೊಂಡು ತಿಂದೆ. ಶುಗರ್ ಇರೋರು ಹೀಗೆ ತಿನ್ನಬಾರದು ಅಂತ ಮನೆಯವಳು ಎರಡು ಸಲ ಹೇಳಿದಳು. ಮೂರನೇ ಸಲ ಹೇಳಲಿಲ್ಲ, ಡಬ್ಬಿಯನ್ನೇ ಎತ್ತಿ ಒಳಗಿಟ್ಟಳು. ಬೀದಿ ಗಣಪತಿಯ ಮೈಕು ಆರು ಗಂಟೆಗೇ ಶುರುವಾಗಿತ್ತು.

ಪೇಪರಿನ ತುಂಬ ಪ್ಯಾರಾಲಿಂಪಿಕ್ಸ್. ಪ್ಯಾರಿಸ್‌ನಲ್ಲಿ ಇವತ್ತೇ ಕಡೆಯ ದಿನ. ನಮ್ಮವರಿಗೆ ಒಟ್ಟು 29 ಪದಕ, ಅದರಲ್ಲಿ 7 ಚಿನ್ನ. ನಮ್ಮ ಹಾಸನದ ಸುಹಾಸ್ ಯತಿರಾಜ್ ಹೋದ ಸೋಮವಾರ ಬ್ಯಾಡ್ಮಿಂಟನ್‌ನಲ್ಲಿ ಬೆಳ್ಳಿ ಗೆದ್ದಾಗಲೇ ಊರಲ್ಲಿ ಒಂದು ಸುತ್ತು ಸಂಭ್ರಮ ಆಗಿತ್ತು. ಟೋಕಿಯೊದಲ್ಲೂ ಬೆಳ್ಳಿ, ಇಲ್ಲೂ ಬೆಳ್ಳಿ. ಇದೇ ಜಿಲ್ಲೆಯ ಗಿರೀಶ 2012ರಲ್ಲಿ ಲಂಡನ್‌ನಲ್ಲಿ ಹೈಜಂಪ್ ಬೆಳ್ಳಿ ತಂದಾಗ ಇಡೀ ದೇಶಕ್ಕೆ ಅದೊಂದೇ ಪದಕ. ಹನ್ನೆರಡು ವರ್ಷದಲ್ಲಿ ಒಂದರಿಂದ ಇಪ್ಪತ್ತೊಂಬತ್ತು.

ಹಬ್ಬಕ್ಕೆ ಬಂದಿದ್ದ ತಮ್ಮನ ಮಗ ಮೊಬೈಲ್ ಹಿಡಿದುಕೊಂಡು ಪಕ್ಕ ಕೂತ. 'ದೊಡ್ಡಪ್ಪಾ, ಇದನ್ನ ನೋಡಿ' ಅಂತ ಒಂದು ಸೈಕಲ್ ರೇಸ್ ತೋರಿಸಿದ. ಕೊನೆಯಲ್ಲಿ ಇಬ್ಬರೇ. ಒಬ್ಬಳು ಹತ್ತೊಂಬತ್ತು ವರ್ಷದ ಫ್ರೆಂಚ್ ಹುಡುಗಿ ಹೈಡಿ ಗೊಗಾಂ, ಸ್ವಂತ ದೇಶದ ರಸ್ತೆ, ಸ್ವಂತ ಜನ. ಇನ್ನೊಬ್ಬಳು ನಲವತ್ತಾರು ವರ್ಷದ ಇಂಗ್ಲೆಂಡಿನ ಸಾರಾ ಸ್ಟೋರಿ. ಗೆರೆ ದಾಟುವಾಗ ಮುಂದಿದ್ದವಳು ನಲವತ್ತಾರರವಳು.

'ಈಕೆ ಸ್ವಿಮ್ಮರ್ ಕಣೋ' ಅಂದೆ. ಅವನು ನಂಬಲಿಲ್ಲ. ನನ್ನ ಹಳೇ ನೋಟ್‌ಬುಕ್ ತೆಗೆಯಬೇಕಾಯಿತು.

ಮೂವತ್ತು ವರ್ಷ ಪಿ.ಟಿ. ಮೇಷ್ಟ್ರಾಗಿದ್ದವನಿಗೆ ಪೇಪರಿನ ಆಟದ ಪುಟದಿಂದ ಲೆಕ್ಕ ಬರೆದಿಡುವ ಚಟ ಬಿಡಲ್ಲ. ಸಾರಾ ಸ್ಟೋರಿಯ ಹಾಳೆ 2012ರಿಂದ ಇದೆ. ಇವತ್ತು ಕೂಡಿಸಿದೆ. 19 ಚಿನ್ನ, ಒಟ್ಟು 30 ಪದಕ. ಭಾರತ ಪ್ಯಾರಾಲಿಂಪಿಕ್ಸ್‌ಗೆ ಹೋಗಲು ಶುರು ಮಾಡಿದಾಗಿನಿಂದ ಇವತ್ತಿನವರೆಗೆ ಗೆದ್ದದ್ದು 60. ಅದರ ಸರಿ ಅರ್ಧ ಆಯಮ್ಮ ಒಬ್ಬಳ ಕೊರಳಿಗೆ.

ಹುಟ್ಟಿದ್ದು 1977ರಲ್ಲಿ, ಮ್ಯಾಂಚೆಸ್ಟರ್ ಪಕ್ಕದ ಎಕಲ್ಸ್‌ನಲ್ಲಿ. ಹೊಟ್ಟೆಯಲ್ಲಿದ್ದಾಗ ಹೊಕ್ಕುಳಬಳ್ಳಿ ತೋಳಿಗೆ ಸುತ್ತಿಕೊಂಡು ಎಡಗೈ ಬೆಳೆಯಲಿಲ್ಲ. ಆರು ವರ್ಷದವಳು ಟಿ.ವಿ.ಯಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸ್ ನೋಡಿ ನಾನೂ ಹೋಗ್ತೀನಿ ಅಂದುಕೊಂಡಳಂತೆ. ಹತ್ತು ವರ್ಷಕ್ಕೆ ಈಜು ಕ್ಲಬ್ ಸೇರಿದಾಗ, ತಡವಾಗಿ ಬಂದೆ, ಇನ್ನು ದೊಡ್ಡ ಮಟ್ಟಕ್ಕೆ ಹೋಗೋದು ಕಷ್ಟ ಅನ್ನುವ ಮಾತು ಕೇಳಬೇಕಾಯಿತು. ಹತ್ತು ವರ್ಷಕ್ಕೆ ತಡ! ಇಂಥ ಮಾತು ನಾನೂ ಎಷ್ಟು ಮಕ್ಕಳಿಗೆ ಹೇಳಿದೀನೋ.

ನಾಲ್ಕು ವರ್ಷದ ಮೇಲೆ, 1992ರಲ್ಲಿ ಬಾರ್ಸಿಲೋನಾ ಪ್ಯಾರಾಲಿಂಪಿಕ್ಸ್. ವಯಸ್ಸು ಹದಿನಾಲ್ಕು, ನಮ್ಮಲ್ಲಾದರೆ ಒಂಬತ್ತನೇ ಕ್ಲಾಸು. 2 ಚಿನ್ನ, 3 ಬೆಳ್ಳಿ, 1 ಕಂಚು. ಅಟ್ಲಾಂಟಾದಲ್ಲಿ ಇನ್ನೂ 3 ಚಿನ್ನ. ಸಿಡ್ನಿ, ಅಥೆನ್ಸ್‌ನಲ್ಲಿ ಚಿನ್ನ ಇಲ್ಲ, ಬೆಳ್ಳಿ, ಕಂಚು ಬಂದವು. ನಾಲ್ಕು ಕೂಟಗಳಿಂದ ಈಜಿನಲ್ಲೇ 16 ಪದಕ.

ಚಿನ್ನಗಳಲ್ಲಿ ಬ್ಯಾಕ್‌ಸ್ಟ್ರೋಕ್ ಇದೆ, ನಾಲ್ಕೂ ಬಗೆಯ ಈಜು ಒಂದರ ಹಿಂದೆ ಒಂದು ಬರುವ ಮೆಡ್ಲೆ ಇದೆ. ಇದನ್ನು ಸ್ವಲ್ಪ ಯೋಚನೆ ಮಾಡಬೇಕು. ಈಜುವವನಿಗೆ ಅಂಗೈ ಅಂದರೆ ದೋಣಿಗೆ ಹುಟ್ಟು ಇದ್ದ ಹಾಗೆ, ನೀರು ಹಿಡಿಯುವುದೇ ಅದರಲ್ಲಿ. ಒಂದು ಕಡೆ ಮಾತ್ರ ಹುಟ್ಟು ಹಾಕಿದರೆ ದೋಣಿ ಏನಾಗುತ್ತೆ? ಸೊಟ್ಟಗೆ ತಿರುಗುತ್ತೆ. ತಿರುಗದ ಹಾಗೆ ಇಡೀ ಮೈ, ಸೊಂಟ, ಕಾಲು ಪ್ರತಿ ಬೀಸಿಗೂ ಲೆಕ್ಕ ಸರಿದೂಗಿಸಬೇಕು. ನಮ್ಮ ಪೇಪರಿನವರು ಇದನ್ನು ಬರೆಯಲ್ಲ. 'ಅಂಗವೈಕಲ್ಯ ಮೆಟ್ಟಿ ನಿಂತ ಛಲಗಾತಿ' ಅಂತ ತಲೆಬರಹ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಅವಳು ಮೆಟ್ಟಿದ್ದು ಪಕ್ಕದ ಲೇನಿನವಳನ್ನು ಸ್ವಾಮಿ, ಅದು ಹೇಗೆ ಅಂತ ಬರೀರಿ.

ಆಮೇಲೆ 2005ರಲ್ಲಿ ಕಿವಿಗೆ ಸೋಂಕು. ವಾಸಿಯಾಗಲೊಲ್ಲದು. ಮೈದಾನದಲ್ಲಿ ಬಿದ್ದದ್ದಲ್ಲ, ಮೂಳೆ ಮುರಿದದ್ದಲ್ಲ. ನಮ್ಮ ಕಡೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟು ಹತ್ತಿ ಇಟ್ಟುಕೊಂಡು ಮಲಗುತ್ತಾರಲ್ಲ, ಅಂಥ ಕಿವಿ ನೋವು. (ಎಣ್ಣೆ ಬಿಡಬೇಡಿ ಅಂತ ಡಾಕ್ಟರು ಬೈಯುತ್ತಾರೆ, ಅದು ಬೇರೆ ಮಾತು.) ಕೊಳಕ್ಕೆ ಇಳಿಯುವ ಹಾಗಿಲ್ಲ. ದಮ್ಮು ಕಡಿಮೆಯಾಗದಿರಲಿ ಅಂತ ಸೈಕಲ್ ಹತ್ತಿದಳು. ಕಿವಿ ವಾಸಿಯಾಗುವವರೆಗೆ ಅಂತ ಹತ್ತಿದ್ದು, ಇಳಿಯಲೇ ಇಲ್ಲ.

ತಮ್ಮನ ಮಗ ಕೇಳಿದ: 'ಈಜೋದಕ್ಕೂ ಸೈಕಲ್‌ಗೂ ಏನು ಸಂಬಂಧ ದೊಡ್ಡಪ್ಪ?'

ಅವನಿಗೆ ಹೇಳಿದ್ದನ್ನು ಇಲ್ಲೂ ಬರೆದಿಡುತ್ತೇನೆ. ಅವಳು ಮೊದಲು ಹೆಸರು ಮಾಡಿದ್ದು ವೆಲೊಡ್ರೋಮ್‌ನ ಪರ್ಸ್ಯೂಟ್‌ನಲ್ಲಿ. ಬಾಣಲೆ ಅಂಚಿನ ಹಾಗೆ ಮೇಲಕ್ಕೆ ಎದ್ದ ಟ್ರ್ಯಾಕ್, ಬ್ರೇಕ್ ಇಲ್ಲದ ಸೈಕಲ್. ಇಬ್ಬರು ಎದುರುಬದುರು ಬದಿಯಿಂದ ಹೊರಡುತ್ತಾರೆ, ದೂರ 3 ಕಿಲೋಮೀಟರ್. ನಡುವೆ ಒಬ್ಬರು ಇನ್ನೊಬ್ಬರನ್ನು ಹಿಡಿದುಬಿಟ್ಟರೆ ಅಲ್ಲಿಗೆ ಆಟ ಮುಗಿಯಿತು. ಹೆಚ್ಚುಕಡಿಮೆ ಮೂರೂವರೆ ನಿಮಿಷದ ಕೆಲಸ. 200 ಮೀಟರ್ ಮೆಡ್ಲೆ, 400 ಮೀಟರ್ ಫ್ರೀಸ್ಟೈಲ್ ಈಜುವುದೂ ಅಷ್ಟೇ ಹೊತ್ತಿನ ಆಸುಪಾಸು. ಮೊದಲೇ ಪೂರ್ತಿ ಸುರಿದರೆ ಕೊನೆಗೆ ಉಸಿರಿಲ್ಲ, ಉಳಿಸಿಕೊಂಡರೆ ಎದುರಾಳಿ ಸಿಕ್ಕಲ್ಲ. ಆ ಮೂರು ನಾಲ್ಕು ನಿಮಿಷದ ಸಂಕಟಕ್ಕೆ ಅವಳ ಎದೆಗೂಡು ಹದಿನೈದು ವರ್ಷದಿಂದ ಪಳಗಿತ್ತು. ಎಂಜಿನ್ ಅದೇ, ಗಾಡಿ ಬೇರೆ.

ಅಷ್ಟು ಸುಲಭಾನಾ ಅಂದರೆ ಅಲ್ಲ. ಕೊಳದಲ್ಲಿ ನಿನ್ನ ಲೇನು ನಿನಗೆ, ಹಗ್ಗ ಕಟ್ಟಿರುತ್ತಾರೆ. ರಸ್ತೆ ರೇಸ್‌ನಲ್ಲಿ ಮುಂದಿನವರ ಚಕ್ರಕ್ಕೆ ಗೇಣು ದೂರದಲ್ಲಿ ಹೋಗಬೇಕು, ತಿರುವಿನಲ್ಲಿ ಎಲ್ಲಿ ನುಗ್ಗಬೇಕು, ಯಾರ ಹಿಂದೆ ಗಾಳಿ ತಪ್ಪಿಸಿಕೊಳ್ಳಬೇಕು ಅನ್ನುವುದು ಗೊತ್ತಿರಬೇಕು. ಅದನ್ನೆಲ್ಲ ಇಪ್ಪತ್ತೇಳರ ವಯಸ್ಸಿನಲ್ಲಿ, ಐದು ಚಿನ್ನ ಮನೆಯಲ್ಲಿಟ್ಟುಕೊಂಡು, ಅಆಇಈಯಿಂದ ಕಲಿತಳು. ಮನೆಯಲ್ಲೇ ಒಬ್ಬ ಜೊತೆಗಾರನೂ ಸಿಕ್ಕ. ಗಂಡ ಬಾರ್ನಿ ಸ್ಟೋರಿ ಟ್ಯಾಂಡಮ್ ಪೈಲಟ್, ಅಂದರೆ ಜೋಡಿ ಸೈಕಲ್‌ನಲ್ಲಿ ಕಣ್ಣು ಕಾಣದ ಸವಾರ ಹಿಂದೆ ಕೂತರೆ ಮುಂದೆ ಹ್ಯಾಂಡಲ್ ಹಿಡಿಯುವವನು. ಅವನಿಗೂ ಬೀಜಿಂಗ್, ಲಂಡನ್ ಎರಡರಲ್ಲೂ ಚಿನ್ನ ಇದೆ.

ಬೀಜಿಂಗ್‌ನಲ್ಲಿ 2, ಲಂಡನ್‌ನಲ್ಲಿ 4, ರಿಯೊದಲ್ಲಿ 3, ಟೋಕಿಯೊದಲ್ಲಿ 3, ಈಗ ಪ್ಯಾರಿಸ್‌ನಲ್ಲಿ 2. ಎಲ್ಲವೂ ಚಿನ್ನ. ಸೈಕಲ್ ಹತ್ತಿದ ಮೇಲೆ ಪ್ಯಾರಾಲಿಂಪಿಕ್ಸ್‌ನಲ್ಲಿ ಬೇರೆ ಬಣ್ಣದ ಪದಕವನ್ನೇ ಮುಟ್ಟಿಲ್ಲ. ಲಂಡನ್‌ನ ಪರ್ಸ್ಯೂಟ್ ಫೈನಲ್‌ನಲ್ಲಿ ಪೋಲೆಂಡಿನವಳನ್ನು ನಡುದಾರಿಯಲ್ಲೇ ಹಿಡಿದಳು, ಟೋಕಿಯೊದಲ್ಲಿ ತನ್ನದೇ ದೇಶದ ಕ್ರಿಸ್ಟಲ್ ಲೇನ್ ರೈಟ್‌ಳನ್ನೂ ಹಾಗೇ. ಅದೇ ಕೂಟದಲ್ಲಿ ಫ್ಯೂಜಿ ಸ್ಪೀಡ್‌ವೇ ಅನ್ನುವ ಕಾರ್ ರೇಸ್ ಟ್ರ್ಯಾಕಿನ ಸುರಿಮಳೆಯ ರಸ್ತೆ ರೇಸ್ ಗೆದ್ದಾಗ 17ನೇ ಚಿನ್ನ, ಈಜುಗಾರ ಮೈಕ್ ಕೆನ್ನಿಯ 16ನ್ನು ದಾಟಿ ಬ್ರಿಟನ್ನಿನಲ್ಲೇ ಮೊದಲನೆಯವಳಾದಳು. ಅಷ್ಟು ಹೊತ್ತಿಗೆ ಇಬ್ಬರು ಮಕ್ಕಳ ತಾಯಿ.

ಆದರೆ ನನ್ನ ನೋಟ್‌ಬುಕ್‌ನಲ್ಲಿ ಕೆಂಪು ಶಾಯಿಯಲ್ಲಿ ಗೆರೆ ಎಳೆದಿರುವುದು ಈ ಯಾವುದಕ್ಕೂ ಅಲ್ಲ.

ಒಂದು, 2010ರ ದೆಹಲಿ ಕಾಮನ್‌ವೆಲ್ತ್. ಅಲ್ಲಿಗೆ ಅವಳು ಬಂದಿದ್ದಳು! ಪ್ಯಾರಾ ವಿಭಾಗದಲ್ಲಲ್ಲ, ಎರಡೂ ಕೈ ಇರುವವರ ಜೊತೆ, ಇಂಗ್ಲೆಂಡ್ ತಂಡದಲ್ಲಿ. ಹಾಗೆ ಇಂಗ್ಲೆಂಡ್ ಪರ ಕಾಮನ್‌ವೆಲ್ತ್‌ನಲ್ಲಿ ಸೈಕಲ್ ತುಳಿದ ಮೊದಲ ಪ್ಯಾರಾ ಸವಾರಳು ಅವಳೇ. ನಮ್ಮ ಪೇಪರುಗಳಿಗೆ ಆ ತಿಂಗಳು ಹಗರಣದ ಸುದ್ದಿ ಬರೆಯುವುದಕ್ಕೇ ಜಾಗ ಸಾಲುತ್ತಿರಲಿಲ್ಲ. ನಮ್ಮ ನೆಲದಲ್ಲೇ ನಡೆದದ್ದು ನನಗೆ ಗೊತ್ತಾದದ್ದು ಎರಡು ವರ್ಷದ ಮೇಲೆ.

ಎರಡು, 2011ರಲ್ಲಿ ಕೊಲಂಬಿಯಾದ ಕಾಲಿಯಲ್ಲಿ ನಡೆದ ವಿಶ್ವಕಪ್. ಬ್ರಿಟನ್ನಿನ ಟೀಮ್ ಪರ್ಸ್ಯೂಟ್ ತಂಡದಲ್ಲಿದ್ದು ಚಿನ್ನ ಗೆದ್ದಳು. ಪ್ಯಾರಾಲಿಂಪಿಕ್ಸ್ ಅಲ್ಲ, ಒಲಿಂಪಿಕ್ಸ್‌ಗೇ ಹೋಗುವ ದಾರಿ ಅದು. ಕೊನೆಗೆ ಲಂಡನ್ ಒಲಿಂಪಿಕ್ಸ್ ತಂಡದಲ್ಲಿ ಜಾಗ ಸಿಗಲಿಲ್ಲ. ಅದೇ ವರ್ಷ ಪ್ಯಾರಾಲಿಂಪಿಕ್ಸ್‌ಗೆ ಬಂದು ನಾಲ್ಕಕ್ಕೆ ನಾಲ್ಕೂ ಎತ್ತಿಕೊಂಡು ಹೋದಳು. ಸಿಟ್ಟಿತ್ತೋ ಏನೋ.

ಮೂರು, 2015ರ ಫೆಬ್ರವರಿ. ಒಂದು ಗಂಟೆಯಲ್ಲಿ ಎಷ್ಟು ದೂರ ತುಳಿಯಬಹುದು ಅನ್ನುವ ದಾಖಲೆ ಇದೆಯಲ್ಲ, ಅದಕ್ಕೆ ಲಂಡನ್‌ನ ವೆಲೊಡ್ರೋಮ್‌ನಲ್ಲಿ ಒಬ್ಬಳೇ ಇಳಿದಳು. ಪ್ಯಾರಾ ದಾಖಲೆಗಲ್ಲ, ಡಚ್ ಸವಾರಳು ಲಿಯೊಂಟಿನ್ ವಾನ್ ಮೋರ್ಸೆಲ್ 2003ರಲ್ಲಿ ಮಾಡಿಟ್ಟಿದ್ದ 46.065 ಕಿಲೋಮೀಟರಿಗೆ. ತುಳಿದದ್ದು 45.502. ಒಂದು ಗಂಟೆ ಎದುರಾಳಿ ಇಲ್ಲದೆ ಅದೇ ಮರದ ಟ್ರ್ಯಾಕಿನಲ್ಲಿ ಸುತ್ತಿ ಸುತ್ತಿ, ಕೊನೆಗೆ 563 ಮೀಟರ್ ಕಡಿಮೆ. ನಮ್ಮ ಮನೆಯಿಂದ ಸರ್ಕಲ್ ಹಾಲಿನ ಬೂತಿಗೆ ಹೋಗುವಷ್ಟು ದೂರ. ಬ್ರಿಟಿಷ್ ದಾಖಲೆ ಬಂತು, ಅವಳ ಪ್ಯಾರಾ ವರ್ಗದ ವಿಶ್ವದಾಖಲೆ ಬಂತು, ಹೋದದ್ದು ಮಾತ್ರ ಬರಲಿಲ್ಲ. ನನಗೆ 19 ಚಿನ್ನಕ್ಕಿಂತ ಈ 563 ಮೀಟರೇ ಹೆಚ್ಚು ನೆನಪಿರುತ್ತೆ. ಗೆದ್ದೇ ಗೆಲ್ಲುವ ಜಾಗ ಬಿಟ್ಟು ಸೋಲಬಹುದಾದ ಜಾಗಕ್ಕೆ ಮತ್ತೆ ಮತ್ತೆ ಹೋಗುತ್ತಿದ್ದಳು.

ಈ ಸಲ ಪ್ಯಾರಿಸ್‌ನಲ್ಲಿ ಟ್ರ್ಯಾಕ್ ಬಿಟ್ಟು ರಸ್ತೆಗಷ್ಟೇ ಇಳಿದಳು. ಟೈಮ್ ಟ್ರಯಲ್, ಅಂದರೆ ಒಬ್ಬೊಬ್ಬರೇ ಗಡಿಯಾರದ ಎದುರು ತುಳಿಯುವ ರೇಸ್, ಅದರ ದೂರ 14 ಕಿಲೋಮೀಟರ್ ಅಷ್ಟೇ ಇಟ್ಟರು, ತೀರಾ ಕಡಿಮೆ ಆಯಿತು ಅಂತ ಗೆದ್ದ ಮೇಲೂ ಗೊಣಗಿದಳು. ಗೊಗಾಂಗಿಂತ ಮುಂದಿದ್ದದ್ದು 5 ಸೆಕೆಂಡಿಗೂ ಕಡಿಮೆ. ದೂರ ಹೆಚ್ಚಿದ್ದರೆ ಹಳೇ ಹುಲಿಗೆ ಅನುಕೂಲ ಅಲ್ಲವೇ, ಗೊಣಗಾಟದಲ್ಲಿ ಅರ್ಥ ಇದೆ.

ಎರಡು ಆಟದಲ್ಲಿ ಗೆದ್ದವರು ಇವಳೊಬ್ಬಳೇ ಏನಲ್ಲ. ಅವಳ ದೇಶದ್ದೇ ಕಡೀನಾ ಕಾಕ್ಸ್ ರಿಯೊದ ಒಂದೇ ಕೂಟದಲ್ಲಿ 400 ಮೀಟರ್ ಓಟಕ್ಕೂ ಸೈಕಲ್‌ಗೂ ಚಿನ್ನ ಗೆದ್ದಳು. ನಮ್ಮ ಮುರಳೀಕಾಂತ್ ಪೇಟ್ಕರ್ ಸೈನ್ಯದಲ್ಲಿ ಬಾಕ್ಸರ್ ಆಗಿದ್ದವರು. 1965ರ ಯುದ್ಧದಲ್ಲಿ ಗುಂಡು ತಿಂದು, ನೀರಿಗಿಳಿದು, 1972ರಲ್ಲಿ ಹೈಡಲ್‌ಬರ್ಗ್‌ನಲ್ಲಿ ಈಜಿಗೆ ಚಿನ್ನ ತಂದರು. ನಮ್ಮ ದೇಶಕ್ಕೆ ಪ್ಯಾರಾಲಿಂಪಿಕ್ಸ್‌ನ ಮೊದಲ ಚಿನ್ನ ಅದು. ಪದ್ಮಶ್ರೀ ಬಂದದ್ದು 2018ರಲ್ಲಿ. ಇನ್ನೇನು ಬರೆಯಲಿ.

ಇಷ್ಟೆಲ್ಲ ಬರೆಯಲು ಇನ್ನೊಂದು ಕಾರಣ ಇದೆ. ಗೌರಿ ಹಬ್ಬದ ಹಿಂದಿನ ದಿನ ಮಾರ್ಕೆಟ್‌ನಲ್ಲಿ ಹೂವು ಕೊಳ್ಳುತ್ತಿದ್ದಾಗ 'ಸಾರ್, ನಮಸ್ಕಾರ' ಅಂತ ಒಂದು ಸ್ಕೂಟರ್ ಪಕ್ಕ ನಿಂತಿತು. ನನ್ನ ಹಳೇ ವಿದ್ಯಾರ್ಥಿನಿ. ಎಡಗೈ ಮಣಿಕಟ್ಟಿನವರೆಗೆ ಮಾತ್ರ. ಈಗ ಬ್ಯಾಂಕಿನಲ್ಲಿದ್ದಾಳೆ.

ಅವಳು ಎಂಟನೇ ಕ್ಲಾಸಿಗೆ ಬಂದಾಗ ನಾನು ಮೊದಲ ದಿನವೇ ಹೇಳಿಬಿಟ್ಟಿದ್ದೆ, 'ನೀನು ಆ ಮರದ ಕೆಳಗೆ ಕೂತು ಸ್ಕೋರ್ ಬರಿಯಮ್ಮ.' ಮೂರು ವರ್ಷ ಬರೆದಳು. ಖೋ ಖೋ, ಥ್ರೋಬಾಲ್, ಕಬಡ್ಡಿ, ಎಲ್ಲದರದ್ದೂ. ಅಕ್ಷರ ಮುತ್ತಿನ ಹಾಗಿತ್ತು. ಪ್ಯಾರಾಲಿಂಪಿಕ್ಸ್ ಬಂದಾಗಲೆಲ್ಲ ಆ ಮರ ನೆನಪಾಗಿ ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಗುತ್ತಿತ್ತು. ಅವತ್ತು ಧೈರ್ಯ ಮಾಡಿ ಹೇಳಿಯೇಬಿಟ್ಟೆ, ನಾನು ಹಾಗೆ ಮಾಡಬಾರದಿತ್ತು ಅಂತ.

ಅವಳು ಜೋರಾಗಿ ನಕ್ಕಳು. 'ಅಯ್ಯೋ ಸಾರ್! ಖೋ ಖೋ ಅಂದ್ರೆ ನಂಗೆ ಆಗ್ತಾನೇ ಇರ್ಲಿಲ್ಲ. ತಪ್ಪಿಸ್ಕೊಂಡೆ ಅಂತ ಎಷ್ಟು ಖುಷಿಯಾಗಿದ್ದೆ ಗೊತ್ತಾ?' ಆಮೇಲೆ ಹೂವಿನ ಮೊಳ ನೋಡುತ್ತಾ ಅಂದಳು, 'ಈಜು ಹೇಳಿಕೊಟ್ಟಿದ್ರೆ ಕಲೀತಿದ್ನೇನೋ. ನಮ್ಮಣ್ಣನಿಗೆ ಬೆನ್ನಿಗೆ ಸೋರೆಬುರುಡೆ ಕಟ್ಟಿ ಬಾವಿಗೆ ಇಳಿಸ್ತಿದ್ರು. ನಾನು ಕಟ್ಟೆ ಮೇಲೆ ಕೂತು ನೋಡ್ತಿದ್ದೆ. ನಿಮಗೆ ಈಜು ಬರ್ತಿತ್ತಾ ಸಾರ್?'

ಬರುತ್ತಿರಲಿಲ್ಲ. ಈಗಲೂ ಬರಲ್ಲ. ಪಿ.ಟಿ. ಮೇಷ್ಟ್ರಾಗಿದ್ದವನು ಹಾಗಂತ ಹೂವಿನ ಮಾರ್ಕೆಟ್‌ನಲ್ಲಿ ನಿಂತು ಒಪ್ಪಿಕೊಳ್ಳಬೇಕಾಯಿತು. ಅವಳು ಅದಕ್ಕೂ ನಕ್ಕಳು. ಮಾತು ಬದಲಾಯಿಸಲು ಸ್ಕೂಟರ್ ಕಡೆ ನೋಡಿ, ಎಡಗಡೆ ಬ್ರೇಕ್ ಏನು ಮಾಡ್ತೀಯಮ್ಮ ಅಂದೆ. ಮೆಕ್ಯಾನಿಕ್ ಒಬ್ಬ ಎರಡೂ ಬ್ರೇಕಿನ ಕೇಬಲ್ ತಂದು ಬಲಗಡೆ ಲಿವರ್‌ಗೇ ಸೇರಿಸಿಕೊಟ್ಟಿದ್ದಾನಂತೆ. 'ಮೊದಲನೇ ಸಲ ಸರಿಯಾಗ್ಲಿಲ್ಲ ಸಾರ್, ಮುಂದಿನ ಚಕ್ರ ಮೊದಲು ಹಿಡಿದು ಬಿದ್ದೆ. ಇಲ್ನೋಡಿ' ಅಂತ ಮೊಣಕೈ ತೋರಿಸಿದಳು. ಆಮೇಲೆ ಸ್ಪ್ರಿಂಗ್ ಬದಲಾಯಿಸಿ ಹಿಂದಿನದು ಮೊದಲು ಹಿಡಿಯುವ ಹಾಗೆ ಮಾಡಿದನಂತೆ.

ಮಧ್ಯಾಹ್ನ ತಮ್ಮನ ಮಗನ ಕೈಯಲ್ಲಿ ಆ ಪ್ಯಾರಿಸ್ ವಿಡಿಯೋ ಅವಳಿಗೆ ಕಳಿಸಿದೆ. ಸಂಜೆ ಗಣಪತಿ ಬಿಡಲು ಬೀದಿಯವರೆಲ್ಲ ಹೊರಟಾಗ ಉತ್ತರ ಬಂತು.

'ಎರಡು ಸಲ ನೋಡಿದೆ ಸಾರ್. ಪಾಪ ಆ ಫ್ರೆಂಚ್ ಹುಡುಗಿ.'