ಮಲೆನಾಡಿನಲ್ಲಿ ಲ್ಯಾಪ್‌ಟಾಪ್ ಫ್ಯಾನ್ ಯಾಕೆ ಅಷ್ಟು ಕೂಗುತ್ತದೆ?

ತೀರ್ಥಹಳ್ಳಿ, ಹೊಸನಗರದ ಕಡೆ ಲ್ಯಾಪ್‌ಟಾಪ್ ಕಾಯುವುದಕ್ಕೆ ಸೆಕೆಯೊಂದೇ ಕಾರಣವಲ್ಲ. ಅಡಿಕೆ ಸಿಪ್ಪೆಯ ಧೂಳು, ಬಚ್ಚಲೊಲೆಯ ಮಸಿ, ಮೇಲಿಂದ ಮಳೆಗಾಲದ ಥಂಡಿ ಸೇರಿ ಹೀಟ್‌ಸಿಂಕಿನ (ಪ್ರೊಸೆಸರಿನ ಬಿಸಿ ಹೊರಹಾಕುವ ಲೋಹದ ಭಾಗ) ಸಂದುಗಳಲ್ಲಿ ಜಿಡ್ಡಿನ ಪದರ ಕಟ್ಟುತ್ತದೆ. ಆಮೇಲೆ ಫ್ಯಾನ್ ಎಷ್ಟು ತಿರುಗಿದರೂ ಬಿಸಿಗಾಳಿ ಹೊರಹೋಗದು. ಪ್ರೊಸೆಸರ್ 95–100 ಡಿಗ್ರಿ ಮುಟ್ಟಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ.

ಮೊದಲು ಸದ್ದು ಕೇಳಿ. ಬರೀ ಗಾಳಿಯ ಭರಭರ ಆದರೆ ಹೆಚ್ಚಾಗಿ ಧೂಳು. ಕರಕರ ಅಂದರೆ ಬೇರಿಂಗ್ ಸವೆದಿರಬಹುದು. ಎಣ್ಣೆ ಬಿಟ್ಟು ಕಾಲ ತಳ್ಳಬೇಡಿ, ಫ್ಯಾನಿನ ಮೇಲಿನ ಪಾರ್ಟ್ ನಂಬರ್ ನೋಡಿ ಹೊಸದು ತರಿಸಿ.

ಹೊರಗಿನಿಂದ ಊದಿದರೆ ಆ ಪದರ ಕದಲುವುದೇ ಇಲ್ಲ. ಆಫ್ ಮಾಡಿ, ಚಾರ್ಜರ್ ತೆಗೆದು, ತಳದ ಮುಚ್ಚಳ ಬಿಚ್ಚಿದ ಕೂಡಲೇ ಬ್ಯಾಟರಿ ಕನೆಕ್ಟರ್ ಕಳಚಿ. ಫ್ಯಾನ್ ಎತ್ತಿದರೆ ಹೀಟ್‌ಸಿಂಕಿನ ಬಾಯಲ್ಲಿ ಬೂದು ಪಟ್ಟಿ ಕಾಣುತ್ತದೆ. ಚಿಮಟದಿಂದ ಎಳೆದರೆ ಇಡಿಯಾಗಿ ಬರುತ್ತದೆ. ಉಳಿದದ್ದಕ್ಕೆ ಮೆತ್ತನೆ ಬ್ರಷ್ ಸಾಕು. ಊದುವಾಗ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿರಿ, ಇಲ್ಲವಾದರೆ ಮಿತಿಮೀರಿ ತಿರುಗಿ ಬೇರಿಂಗ್ ಹಾಳು.

ಆಮೇಲೂ ಕಾದರೆ ಥರ್ಮಲ್ ಪೇಸ್ಟ್, ಅಂದರೆ ಚಿಪ್‌ನ ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವ ಲೇಪ, ಒಣಗಿರಬಹುದು. ಹೀಟ್‌ಸಿಂಕ್ ಬಿಚ್ಚಿ, ಹಳೆ ಪೇಸ್ಟನ್ನು 99% ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಚಿಪ್ ಮೇಲೆ ಕಾಳುಮೆಣಸಿನಷ್ಟು ಹೊಸ ಪೇಸ್ಟ್ ಹಾಕಿ. ಹೀಟ್‌ಸಿಂಕಿನ ಸ್ಕ್ರೂಗಳನ್ನು ಅಲ್ಲೇ ಕೆತ್ತಿರುವ 1, 2, 3, 4ರ ಕ್ರಮದಲ್ಲಿ ಸ್ವಲ್ಪಸ್ವಲ್ಪವೇ ಬಿಗಿ ಮಾಡಿ. ಒಂದನ್ನೇ ಪೂರ್ತಿ ತಿರುಗಿಸಿದರೆ ಚಿಪ್‌ನ ಅಂಚು ಒಡೆಯುವ ಅಪಾಯವಿದೆ.

ಬಿಚ್ಚುವ ಧೈರ್ಯ ಇಲ್ಲದವರು ವಿಂಡೋಸ್ ಪವರ್ ಆಪ್ಷನ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 99%ಕ್ಕೆ ಇಳಿಸಿ. ಹಲವು ಯಂತ್ರಗಳಲ್ಲಿ ಟರ್ಬೊ (ಪ್ರೊಸೆಸರ್ ಆಗಾಗ ಏರಿಸಿಕೊಳ್ಳುವ ಹೆಚ್ಚುವರಿ ವೇಗ) ನಿಂತು ಫ್ಯಾನಿನ ಕೂಗು ತಗ್ಗುತ್ತದೆ.